ಹೊಳೆಗೆ ಹೋಗುವ ದಾರಿ

(ಉಪನ್ಯಾಸದ ಪಠ್ಯ)



ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯನ್ನು ತಲುಪುವಷ್ಟರಲ್ಲಿ ಬೇರೆಯೇ ನದಿಯಾಗಿರುತ್ತಾಳೆ. ಮಲೆನಾಡಿನ ಹೊಳೆಗಳ ಬಂಡೆ, ಜಾರು, ನೆರಳು ಅಲ್ಲಿಲ್ಲ. ಎರೆಮಣ್ಣಿನ ಎತ್ತರದ ದಂಡೆಗಳು, ಅವುಗಳ ಅಂಚಿನವರೆಗೂ ಕಬ್ಬು, ನಡುವೆ ಅಗಲವಾದ ನೀರು. ಮಳೆಗಾಲದಲ್ಲಿ ಊರನ್ನೇ ನುಂಗುವಂತೆ ಬರುವ ಈ ನದಿ ಒಂದು ಕಾಲಕ್ಕೆ ಬೇಸಿಗೆಯಲ್ಲಿ ಬತ್ತಿಹೋಗುತ್ತಿತ್ತು. ಹರಿದುಹೋಗುವ ನೀರನ್ನು ಹಿಡಿದಿಡಲು ಸರಕಾರವನ್ನು ಕಾದು ಬೇಸತ್ತ ರೈತರು ಕೃಷ್ಣಾ ತೀರ ರೈತ ಸಂಘದ ಹೆಸರಿನಲ್ಲಿ ಒಂದಾಗಿ, ವಂತಿಗೆ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಇಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರಾಯಿತು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದ್ದು ಎಲ್ಲರಿಗೂ ತಿಳಿದ ಸಂಗತಿ.

ನೀರಾವರಿಯ ಕಥೆಯಾಗಿ ಇದನ್ನು ಬಹಳ ಜನ ಹೇಳಿದ್ದಾರೆ. ಇಲ್ಲಿ ವಿಚಾರಿಸಬೇಕಾದುದು ಇನ್ನೊಂದು ಮಗ್ಗುಲು. ನೀರು ನಿಂತಿತು, ಹೊಲಗಳಿಗೆ ಏರಿತು. ಆದರೆ ಹೊಲವಿಲ್ಲದವನು, ಪಂಪುಸೆಟ್ಟಿಲ್ಲದವನು, ಸುಮ್ಮನೆ ಮಿಂದು, ದಂಡೆಯಲ್ಲಿ ಕುಳಿತು, ಉಂಡು ಹೋಗಬಯಸುವವನು ಆ ನೀರಿನ ಬಳಿಗೆ ಬರುವುದು ಯಾವ ದಾರಿಯಿಂದ?

ಈ ಪ್ರಶ್ನೆ ಪಟ್ಟಣದ ವಿಹಾರಪ್ರಿಯರದು ಎಂದು ಮೂಗು ಮುರಿಯುವವರು ಮಕರ ಸಂಕ್ರಮಣದ ದಿನ ಕೃಷ್ಣಾ ತೀರವನ್ನು ನೋಡಬೇಕು. ಆ ಭಾಗದಲ್ಲಿ ಸಂಕ್ರಮಣವೆಂದರೆ ಹೊಳೆಯ ಹಬ್ಬ. ಮೈಗೆ ಎಳ್ಳು, ಅರಿಸಿನ ಹಚ್ಚಿಕೊಂಡು ಹೊಳೆಯಲ್ಲಿ ಸ್ನಾನ. ಅನಂತರ ದಂಡೆಯಲ್ಲೇ ಬುತ್ತಿ ಬಿಚ್ಚುವುದು: ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ಒಂದು ಕುಟುಂಬದ ರೊಟ್ಟಿ ಪಕ್ಕದ ಕುಟುಂಬದ ತಟ್ಟೆಗೆ ಹೋಗುತ್ತದೆ. ಇದು ಪೂಜೆಯೋ, ವಿಹಾರವೋ? ಅಲ್ಲಿಯ ಜನ ಈ ಎರಡನ್ನು ಬೇರ್ಪಡಿಸಿದವರಲ್ಲ. 'ವಿಹಾರ' ಎಂಬ ಶಬ್ದ ಸರಕಾರಿ ಕಡತಗಳಿಗೆ ಬರುವ ಮೊದಲೇ ಈ ರೂಢಿಯಿತ್ತು.

ರೂಢಿಯ ಹಿಂದೆ ಕಾನೂನು ಎಷ್ಟಿದೆ? ನದಿಯ ಪಾತ್ರವೂ ನಿಂತ ನೀರೂ ಹರಿವ ನೀರೂ ಸರಕಾರದ ಸ್ವತ್ತೆಂದು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಕಲಮು ಹೇಳುತ್ತದೆ. ಆ ಸ್ವತ್ತಿನ ಸ್ವರೂಪವೇನೆಂಬುದನ್ನು ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಬಿಯಾಸ್ ನದಿಯ ಪ್ರಕರಣದಲ್ಲಿ ಸ್ಪಷ್ಟಪಡಿಸಿತು: ಸರಕಾರ ಇಂಥ ಸಂಪತ್ತಿನ ಒಡೆಯನಲ್ಲ, ಸಾರ್ವಜನಿಕರ ಪರವಾಗಿ ಕಾಯುವ ವಿಶ್ವಸ್ತ ಮಾತ್ರ. ಇದು ಹೊಸ ತತ್ತ್ವವಲ್ಲ. ಹರಿವ ನೀರು ಎಲ್ಲರದೆಂದೂ ನದಿಯ ದಂಡೆಯನ್ನು ಬಳಸುವ ಹಕ್ಕು ಸಾರ್ವಜನಿಕವೆಂದೂ ಆರನೆಯ ಶತಮಾನದ ಜಸ್ಟಿನಿಯನ್ನನ ರೋಮನ್ ಸಂಹಿತೆಯೇ ಹೇಳಿತ್ತು. ರೂಢಿಯಿಂದ ಬಂದ ಸಾರ್ವಜನಿಕ ಹಕ್ಕುಗಳಿಗೆ ತಾನು ಧಕ್ಕೆ ತರುವುದಿಲ್ಲವೆಂದು 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆಯೂ ಹೇಳಿಕೊಂಡಿದೆ. ಆದರೆ ಸ್ಕಾಟ್‌ಲೆಂಡ್ 2003ರಲ್ಲಿ ಮಾಡಿದಂತೆ, ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರೇ ಆಗಲಿ ನೆಲ ಜಲಗಳಲ್ಲಿ ವಿಹರಿಸಬಹುದೆಂದು ನೇರವಾಗಿ ಹೇಳುವ ಶಾಸನ ಇಲ್ಲಿಲ್ಲ. ಹೀಗಾಗಿ ನೀರು ಸಾರ್ವಜನಿಕವಾಗಿದ್ದೂ ನೀರಿಗೆ ಹೋಗುವ ದಾರಿ ಸಾರ್ವಜನಿಕವಾಗಿ ಉಳಿಯದ ವಿಚಿತ್ರ ಸ್ಥಿತಿ.

ದಾರಿ ಮುಚ್ಚುವುದು ಎರಡು ಬಗೆಯಲ್ಲಿ. ಮೊದಲನೆಯದು ಬೇಲಿ ಮತ್ತು ಟಿಕೆಟ್ಟು. ಬೆಂಗಳೂರಿನ ಹೆಬ್ಬಾಳ, ನಾಗವಾರ ಕೆರೆಗಳನ್ನು ಅಂದಿನ ಕೆರೆ ಅಭಿವೃದ್ಧಿ ಪ್ರಾಧಿಕಾರ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಾಗ, ಮೀನು ಹಿಡಿಯುವವರೂ ದನ ಮೇಯಿಸುವವರೂ ಸಂಜೆ ಅಡ್ಡಾಡುವವರೂ ಒಮ್ಮೆಗೇ ಹೊರಗಿನವರಾದರು. ಇದನ್ನು ಪ್ರಶ್ನಿಸಿ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಹೋಯಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ರಚನೆಯಾಗಿ, 2012ರಲ್ಲಿ ಅಂತಿಮ ಆದೇಶ ಹೊರಬಿತ್ತು.

ಎರಡನೆಯದು ಸದ್ದಿಲ್ಲದ್ದು, ಕೃಷ್ಣಾ ತೀರದಲ್ಲಿ ನಡೆಯುವುದು. ನದಿ ಇಳಿದಾಗ ತೆರೆದುಕೊಳ್ಳುತ್ತಿದ್ದ ಮರಳ ದಂಡೆಯೇ ಹಿಂದೆ ಎಲ್ಲರ ಅಂಗಳವಾಗಿತ್ತು. ಬ್ಯಾರೇಜಿನ ಹಿಂದೆ ನೀರು ನಿಂತ ಮೇಲೆ ಅದು ಮುಳುಗಿತು. ನೀರಿನ ಅಂಚು ಎರೆಮಣ್ಣಿಗೆ ಬಂತು. ನೀರು ಕುಡಿದ ಎರೆಮಣ್ಣು ಉಬ್ಬಿ ಮೆತ್ತಗಾಗುತ್ತದೆ. ನೀರು ಥಟ್ಟನೆ ಇಳಿದರೆ ಒಳಗಿನ ತೇವದ ಭಾರಕ್ಕೆ ದಂಡೆ ಹೋಳುಹೋಳಾಗಿ ಕುಸಿಯುತ್ತದೆ. ಮರಳಿನಲ್ಲಿ ಮೆಲ್ಲಗೆ ಆಳಕ್ಕಿಳಿಯುತ್ತಿದ್ದ ಕಾಲು ಇಲ್ಲಿ ಒಂದೇ ಹೆಜ್ಜೆಗೆ ಜಾರುತ್ತದೆ. ಮೇಲೆ ಪಂಪುಸೆಟ್ಟಿನ ಕೊಳವೆ, ವಿದ್ಯುತ್ ತಂತಿ, ನೀರಿನಲ್ಲಿ ಮೊಸಳೆ. ಹೊಳೆಗಿಳಿಯುತ್ತಿದ್ದ ಬಂಡಿದಾರಿಯ ಮೇಲೆ ಕಬ್ಬಿನ ಸಾಲು ವರ್ಷಕ್ಕೆ ಒಂದು ಗೇಣು ಸರಿಯುತ್ತ ಬಂದರೆ ಹತ್ತು ವರ್ಷಗಳಲ್ಲಿ ಉಳಿಯುವುದು ಕಾಲುದಾರಿ. ಯಾರೂ ಬೇಲಿ ಹಾಕಿರುವುದಿಲ್ಲ, ದಾರಿ ಮಾತ್ರ ಇರುವುದಿಲ್ಲ.

ದಂಡೆಯ ರೈತನ ದೂರೂ ಸುಳ್ಳಲ್ಲ. ಹಬ್ಬಕ್ಕೆ ಬಂದವರು ಬೆಳೆ ತುಳಿಯುತ್ತಾರೆ, ಪ್ಲಾಸ್ಟಿಕ್ ತಟ್ಟೆ, ಬಾಟಲಿಗಳನ್ನು ಬಿಟ್ಟುಹೋಗುತ್ತಾರೆ. ಯಾರಾದರೂ ಮುಳುಗಿದರೆ ಪೊಲೀಸರು ಮೊದಲು ಬರುವುದು ಅವನ ಹೊಲಕ್ಕೆ. ದಾರಿ ಗೊತ್ತುಪಡಿಸದಿರುವುದರಿಂದಲೇ ಜನ ಎಲ್ಲೆಂದರಲ್ಲಿ ಇಳಿಯುತ್ತಾರೆ ಎಂಬುದನ್ನು ಅವನೂ ಒಪ್ಪಬೇಕಾದೀತು. ಅಪಾಯವಿದೆಯೆಂದು ನಿಷೇಧದ ಫಲಕ ನೆಟ್ಟು ಕೈತೊಳೆದುಕೊಳ್ಳುವುದು ಅಧಿಕಾರಿಗಳಿಗೆ ಸುಲಭ. ಸಂಕ್ರಮಣದ ಜನ ಫಲಕ ನೋಡಿ ಹಿಂದಿರುಗುವುದಿಲ್ಲ. ಇನ್ನೂ ಕೆಟ್ಟ ಜಾಗ ಹುಡುಕುತ್ತಾರೆ.

ಈ ಮಾತಿಗೆ ಈಗ ತುರ್ತು ಬಂದಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಅನುಮತಿಸಿತು. ಅದು ಜಾರಿಗೆ ಬಂದರೆ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ನದಿಯ ದಂಡೆಯೇ ಹೊಸದಾಗಿ ಬರೆಯಲ್ಪಡುತ್ತದೆ. ಮುಳುಗುವ ಹೊಲಕ್ಕೂ ಮನೆಗೂ ಗುಡಿಗೂ ಪರಿಹಾರದ ಲೆಕ್ಕವಿರುತ್ತದೆ. ಮುಳುಗುವ ಸ್ನಾನಘಟ್ಟಕ್ಕೆ, ಹೊಳೆಗಿಳಿಯುವ ಬಂಡಿದಾರಿಗೆ ಹಕ್ಕುದಾರನಾಗಿ ಅರ್ಜಿ ಕೊಡುವವರು ಯಾರು? ಎಲ್ಲರದಾದುದಕ್ಕೆ ಪರಿಹಾರ ಕೇಳುವ ಹೆಸರೇ ಪಹಣಿಯಲ್ಲಿಲ್ಲ.

ಆದುದರಿಂದ ಆಗಬೇಕಾದ ಕೆಲಸ ದೊಡ್ಡ ಕಾಯಿದೆಗಿಂತ ಮೊದಲು ಚಿಕ್ಕ ಅಳತೆ. ಹಳೆಯ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿಗಳು ಚುಕ್ಕೆಗೆರೆಗಳಾಗಿ ಇನ್ನೂ ಇವೆ. ನದಿಗೆ ಮುಟ್ಟುವ ಗೆರೆಗಳನ್ನು ಗುರುತಿಸಿ, ಊರ ಹಿರಿಯರೊಡನೆ ನಡೆದು ನೋಡಿ, ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಬೇಕು. ಮುಳುಗಡೆಯ ಹೊಸ ನಕಾಶೆ ಸಿದ್ಧವಾಗುವಾಗ ಪ್ರತಿ ಊರಿಗೆ ಕನಿಷ್ಠ ಒಂದು ದಾರಿ, ಅದರ ತುದಿಗೆ ಕಲ್ಲಿನ ಮೆಟ್ಟಿಲು, ಆಳ ತೋರಿಸುವ ಕಂಬ, ಮೊಸಳೆ ಬಾರದಂತೆ ಜಾಲರಿಯ ಆವರಣ ಇವುಗಳನ್ನು ಹಕ್ಕಾಗಿ ಕೇಳಬೇಕು. 1989ರಲ್ಲಿ ನದಿಗೇ ಅಡ್ಡಗಟ್ಟೆ ಕಟ್ಟಿದ ಜನರಿಗೆ ನಾಲ್ಕು ಮೆಟ್ಟಿಲು ಕಟ್ಟುವುದು ಅಸಾಧ್ಯವಲ್ಲ. ಮೆಟ್ಟಿಲು ಕಟ್ಟುವ ಜಾಗವನ್ನು ಅಷ್ಟರೊಳಗೆ ಯಾರ ಪಹಣಿಯೂ ನುಂಗದಿದ್ದರೆ.