ನಡುಗುವ ಕಾರು ಮತ್ತು ನಮ್ಮ ವಿಜ್ಞಾನದ ಪಾಠ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಕಲಿತು ಡಾಕ್ಟರು, ಇಂಜಿನಿಯರು, ಮೇಷ್ಟ್ರು ಆದವರು ಬಹಳ ಜನ ಇದ್ದಾರೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಗ್ಯಾರೇಜು ಸೇರಿದವನು. ‘ನಿನ್ನ ಕೆಲಸದ ಬಗ್ಗೆಯೇ ಮಾತಾಡು, ಮಕ್ಕಳಿಗೆ ಉಪಯೋಗವಾಗಲಿ’ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಹಾಗಾಗಿ ನಮ್ಮಲ್ಲಿಗೆ ಪದೇ ಪದೇ ಬರುವ ಒಂದು ದೂರಿನ ಬಗ್ಗೆ ಹೇಳುತ್ತೇನೆ: ‘ಹಳೇ ಕಾರು, ನಿಂತಲ್ಲಿ ನಡುಗುತ್ತದೆ, ಮೈಲೇಜೂ ಕೊಡುತ್ತಿಲ್ಲ.’

ನಮ್ಮ ಕಡೆ ಹಳೇ ಕಾರು ಎಂದರೆ ಹೆಚ್ಚಾಗಿ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. 796 ಸಿ.ಸಿ.ಯ ಎಂಜಿನ್, ಮೂರು ಸಿಲಿಂಡರ್. ಹಳೆಯವಕ್ಕೆ ಕಾರ್ಬ್ಯುರೇಟರ್ ಇರುತ್ತದೆ. ಇವತ್ತಿಗೂ ಹಳ್ಳಿಯಲ್ಲಿ ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಬೇಕಾದರೆ ಎಷ್ಟೋ ಮನೆಗಳಿಗೆ ಅದೇ ಗತಿ. ಆದ್ದರಿಂದ ಇದನ್ನು ಬರೀ ಪೆಟ್ರೋಲಿನ ಲೆಕ್ಕ ಎಂದುಕೊಳ್ಳಬೇಡಿ.

ಎಂಜಿನ್ನಿಗೆ ಬೇಕಾದದ್ದು ನಾಲ್ಕೇ: ಗಾಳಿ, ಪೆಟ್ರೋಲು, ಸರಿಯಾದ ಕ್ಷಣಕ್ಕೆ ಕಿಡಿ, ಚೆನ್ನಾದ ಒತ್ತಡ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ದಹನಕ್ಕೆ ಆಮ್ಲಜನಕ ಬೇಕು ಎಂದು ಇದೇ ಕೊಠಡಿಗಳಲ್ಲಿ ಕಲಿತೆವಲ್ಲ, ಅದೇ ಪಾಠ. ಈ ನಾಲ್ಕರಲ್ಲಿ ಯಾವುದು ತಪ್ಪಿದೆ ಎಂದು ಪತ್ತೆ ಮಾಡುವುದೇ ರಿಪೇರಿಯ ಅರ್ಧ ಕೆಲಸ. ಪತ್ತೆ ಮಾಡದೆ ಸಾಮಾನು ಬದಲಾಯಿಸುತ್ತಾ ಹೋದರೆ ಜೇಬು ಖಾಲಿಯಾಗುತ್ತದೆ, ನಡುಕ ಹಾಗೇ ಉಳಿಯುತ್ತದೆ.

ಮೊದಲು ಅಳೆಯಿರಿ. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಮೀಟರ್ ನೋಡಿ ಬರೆದುಕೊಳ್ಳಿ. ಸ್ವಲ್ಪ ದಿನ ಓಡಿಸಿ ಮತ್ತೆ ತುಂಬಿಸಿ. 330 ಕಿಲೋಮೀಟರಿಗೆ 22 ಲೀಟರ್ ಹಿಡಿಸಿದರೆ ಲೀಟರಿಗೆ 15. ‘ಮೊದಲು ಚೆನ್ನಾಗಿ ಬರುತ್ತಿತ್ತು’ ಎಂಬ ನೆನಪಿಗಿಂತ ಈ ಭಾಗಾಕಾರ ಮೇಲು. ಆಮೇಲೆ ಚಕ್ರದ ಗಾಳಿ ನೋಡಿ. ಸಮತಟ್ಟಾದ ನೆಲದಲ್ಲಿ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು ತಳ್ಳಿ. ಸುಲಭವಾಗಿ ಉರುಳದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಪಾಪ, ಅಂಥ ಕಡೆ ಎಂಜಿನ್ನನ್ನು ಬಿಚ್ಚಿ ಏನು ಪ್ರಯೋಜನ?

ಇನ್ನು ನಡುಕ. ನಾನು ಮೂರು ಪ್ರಶ್ನೆ ಕೇಳುತ್ತೇನೆ. ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಾಗ ಮಾತ್ರವೋ, ಓಡುವಾಗಲೂ ಉಂಟೋ? ಒಂದು ಸಿಲಿಂಡರಿನ ತೊಂದರೆಯೋ, ಎಲ್ಲದರದ್ದೋ?

ನಿಂತಾಗ ಮಾತ್ರ ನಡುಗಿ, ಆಕ್ಸಿಲರೇಟರ್ ಒತ್ತಿದೊಡನೆ ಸರಿಹೋದರೆ ಬಿರುಕುಬಿಟ್ಟ ರಬ್ಬರ್ ಪೈಪು, ಸಡಿಲವಾದ ಗ್ಯಾಸ್ಕೆಟ್ಟುಗಳಿಂದ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿದೆಯೇ ಎಂದು ನೋಡಬೇಕು. ಪೈಪನ್ನು ಒಂದು ಕ್ಷಣ ಅದುಮಿ ಹಿಡಿದಾಗ ಎಂಜಿನ್ನಿನ ಸದ್ದು ನಯವಾದರೆ ಗುಟ್ಟು ರಟ್ಟಾಯಿತು. ಪೆಟ್ರೋಲು ಚಿಮುಕಿಸಿ ಹುಡುಕುವವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಬೆಂಕಿ ಹತ್ತುತ್ತದೆ.

ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಡಿ. ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಎಲ್ಲವೂ ಒಣ ಮಸಿಯಾಗಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ: ಧೂಳು ಕಟ್ಟಿದ ಏರ್ ಫಿಲ್ಟರ್, ಪೂರ್ತಿ ತೆರೆಯದ ಚೋಕ್, ಕಾರ್ಬ್ಯುರೇಟರಿನ ಫ್ಲೋಟ್ ನೋಡಿ. ಬೇಸಿಗೆಯಲ್ಲಿ ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತುಹಾಕುವ ಅಭ್ಯಾಸ ಕೆಲವರಿಗಿದೆ. ಆಗ ಎಂಜಿನ್ ಬೇಕಾದಷ್ಟು ಕಾಯುವುದಿಲ್ಲ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಎಲ್ಲವೂ ಬಿಳಚಿಕೊಂಡಿದ್ದರೆ ಪೆಟ್ರೋಲು ಸಾಲುತ್ತಿಲ್ಲ ಎಂಬ ಅನುಮಾನ. ಒಂದು ಪ್ಲಗ್ ಮಾತ್ರ ಬೇರೆಯಾಗಿದ್ದರೆ ಆ ಸಿಲಿಂಡರಿನ ಮೇಲೆ ಕಣ್ಣಿಡಿ.

ಒಬ್ಬ ರೈತರು ಇಂಥದೇ ಕಾರು ತಂದಿದ್ದರು. ಎಂಜಿನ್ ಬೋರ್ ಮಾಡಿಸಬೇಕೆಂದು ಬೇರೆ ಕಡೆ ಹೇಳಿದ್ದರಂತೆ. ಆ ವರ್ಷದ ಅಡಿಕೆ ದುಡ್ಡಿನಲ್ಲಿ ಒಂದು ಪಾಲನ್ನು ಅದಕ್ಕೆಂದೇ ತೆಗೆದಿಟ್ಟಿದ್ದರು. ಲೀಟರಿಗೆ 11 ಕಿಲೋಮೀಟರ್ ಬರುತ್ತಿತ್ತು. ಗೇಜು ಹಾಕಿ ನೋಡಿದೆ: ಮೂರೂ ಸಿಲಿಂಡರಿನ ಕಂಪ್ರೆಷನ್ ಹೆಚ್ಚುಕಡಿಮೆ ಒಂದೇ. ಅಂದರೆ ಪಿಸ್ಟನ್ ರಿಂಗು, ವಾಲ್ವು ಚೆನ್ನಾಗಿವೆ. ಎರಡು ಪ್ಲಗ್ ಕಂದು, ಮೂರನೆಯದು ಪೆಟ್ರೋಲಿನಲ್ಲಿ ನೆಂದಿತ್ತು. ಅದನ್ನು ಪಕ್ಕದ ಪ್ಲಗ್ಗಿನ ಜೊತೆ ಅದಲುಬದಲು ಮಾಡಿದೆ. ತೊಂದರೆ ಅದೇ ಸಿಲಿಂಡರಿನಲ್ಲಿ ಉಳಿಯಿತು. ಹಾಗಾದರೆ ತಪ್ಪು ಪ್ಲಗ್ಗಿನದಲ್ಲ. ಎಂಜಿನ್ ಆಫ್ ಮಾಡಿ ಪ್ಲಗ್ಗಿನ ವೈರು ಬದಲಿಸಿದೆ. ನಡುಕ ನಿಂತಿತು. ಹಳೆಯ ವೈರನ್ನೇ ಮತ್ತೆ ಹಾಕಿದೆ, ನಡುಕ ಬಂತು. ಆಮೇಲೆ ಅನುಮಾನ ಉಳಿಯಲಿಲ್ಲ. ಎರಡು ಸಲ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದಾಗ ಲೀಟರಿಗೆ 15 ಬಂದಿತ್ತು.

ಆದರೆ ಆ ವೈರನ್ನು ಹಾಗೇ ಬಿಟ್ಟಿದ್ದರೆ? ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ, ಕೆಳಗಿಳಿದು ಎಂಜಿನ್ ಆಯಿಲನ್ನು ತೆಳುವಾಗಿಸುತ್ತದೆ. ಆಗ ಬೋರ್ ಮಾಡಿಸುವ ಕಾಲ ನಿಜವಾಗಿಯೂ ಬರುತ್ತಿತ್ತು.

ಮಕ್ಕಳೇ, ಗಮನಿಸುವುದು, ಊಹಿಸುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸುವುದು, ಫಲಿತಾಂಶ ಬರೆಯುವುದು: ನಿಮ್ಮ ಪ್ರಯೋಗದ ಪುಸ್ತಕದಲ್ಲಿರುವುದೂ ಇದೇ ಕ್ರಮ. ಎರಡು ಸಾಮಾನನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲ. ಹಾಗೆಂದು ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರಿಗೆ ಕೈ ಹಾಕಬೇಡಿ. ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ.

ಕಾರಿರುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ನಾಲ್ಕಾಣೆಯ ಕೆಲಸಕ್ಕೆ ನೂರು ರೂಪಾಯಿ ಕೊಡುವ ಮುನ್ನ ಮೆಕ್ಯಾನಿಕ್ಕನ್ನು ಕೇಳಿ: ‘ಯಾವ ಪರೀಕ್ಷೆ ಮಾಡಿ ಇದನ್ನು ಹೇಳುತ್ತಿದ್ದೀಯಪ್ಪಾ?’ ಕೆಲಸ ಬಲ್ಲವನು ಬೇಸರ ಮಾಡಿಕೊಳ್ಳುವುದಿಲ್ಲ, ಪ್ಲಗ್ ಬಿಚ್ಚಿ ಕೈಗೇ ಕೊಟ್ಟು ತೋರಿಸುತ್ತಾನೆ.