ಗಿಡ್ಡ ಹುಡುಗನನ್ನು ಅಂಗಳದಾಚೆ ಕೂರಿಸಬೇಡಿ

(ತಿಪಟೂರಿನಲ್ಲಿ ಸೇರಿದ್ದ ಯುವಜನರ ಶಿಬಿರದಲ್ಲಿ ಮಾಡಿದ ಭಾಷಣ)



ಕೊಬ್ಬರಿಯ ಬೆಲೆಯನ್ನು ಕುರಿತು ಮಾತಾಡಬೇಕಾದ ವೇದಿಕೆಯಲ್ಲಿ ಇವರು ಚೆಂಡಾಟದ ವಿಷಯ ಎತ್ತಿಕೊಂಡರಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಬೆಲೆಯ ಮಾತು ಬೆಳಿಗ್ಗೆ ಸಾಕಷ್ಟು ಆಯಿತು, ಸಂಜೆಯೂ ಆಗಲಿದೆ. ನಡುವೆ ದೊರೆತ ಅರ್ಧ ಗಂಟೆಯಲ್ಲಿ ಮಕ್ಕಳ ಆಟದ ಬಗ್ಗೆ ಹೇಳುತ್ತೇವೆಂದು ನಾವೇ ಕೇಳಿಕೊಂಡೆವು. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಬಹುಮಂದಿ ನಿಮ್ಮ ನಿಮ್ಮ ಊರಿನಲ್ಲಿ ಯುವಕ ಸಂಘ ನಡೆಸುವವರು. ಗಣೇಶನ ಹಬ್ಬಕ್ಕೆ ಕಬಡ್ಡಿ, ಬೇಸಿಗೆಗೆ ವಾಲಿಬಾಲ್, ಕೆರೆ ಒಣಗಿದ ವರ್ಷ ಕೆರೆಯಂಗಳದಲ್ಲಿ ಫುಟ್‌ಬಾಲ್, ಇವೆಲ್ಲವನ್ನೂ ಏರ್ಪಡಿಸುವವರು ನೀವು. ಹುಡುಗರನ್ನು ಆರಿಸುವವರೂ ನೀವೇ. ಆ ಆರಿಸುವ ಕೆಲಸದಲ್ಲಿ ಒಂದು ಅನ್ಯಾಯ ನಡೆಯುತ್ತಿದೆ. ನಾವು ಮೇಷ್ಟರಾಗಿದ್ದಾಗ ಅದು ನಮ್ಮ ಕೈಯಿಂದಲೇ ನಡೆಯಿತು. ಮೊದಲು ಅದನ್ನು ಹೇಳಿಬಿಡುತ್ತೇವೆ.

ತಾಲ್ಲೂಕು ಕ್ರೀಡಾಕೂಟ ಹತ್ತಿರ ಬಂದಿತ್ತು. ಫುಟ್‌ಬಾಲ್ ತಂಡಕ್ಕೆಂದು ಹುಡುಗರನ್ನು ಸಾಲಾಗಿ ನಿಲ್ಲಿಸಿದೆವು. ಸಾಲಾಗಿ ನಿಲ್ಲಿಸಿದ ಮೇಲೆ ಕಣ್ಣು ಎಲ್ಲಿಗೆ ಹೋಗುತ್ತದೆ? ಎತ್ತರವಿದ್ದವನ ಮೇಲೆಯೇ ಹೋಗುತ್ತದೆ. ಎಲ್ಲರೂ ಏಳನೆಯ ತರಗತಿಯವರೇ. ಒಬ್ಬನಿಗೆ ಮೀಸೆ ಚಿಗುರಿ, ದನಿ ಒಡೆದಿತ್ತು. ಅವನು ನಮ್ಮ ಕಿವಿಯ ಮಟ್ಟಕ್ಕೆ ಬರುತ್ತಿದ್ದ. ಇನ್ನೊಬ್ಬ ನಮ್ಮ ಎದೆಗೂ ಬರುತ್ತಿರಲಿಲ್ಲ. ಆದರೆ ಆ ಗಿಡ್ಡ ಹುಡುಗನ ಕಾಲಿಗೆ ಚೆಂಡು ಸಿಕ್ಕಿತೆಂದರೆ ತಾಯಿಯ ಹಿಂದೆ ಕರು ಬರುವ ಹಾಗೆ ಅದು ಅವನ ಜೊತೆಯಲ್ಲೇ ಬರುತ್ತಿತ್ತು. ಅದನ್ನು ನಾವು ನೋಡಿದ್ದೆವು. ನೋಡಿಯೂ ಅವನನ್ನು ಬಿಟ್ಟೆವು. ಯಾರಾದರೂ ಡಿಕ್ಕಿ ಹೊಡೆದರೆ ಬಿದ್ದುಹೋಗುತ್ತೀಯೆ, ಮುಂದಿನ ವರ್ಷ ನೋಡೋಣ ಎಂದೆವು. ಅವನ ತಂದೆ ತೋಟಗಳಲ್ಲಿ ಕಾಯಿ ಸುಲಿಯುವ ಕೂಲಿಕಾರ. ಮುಂದಿನ ವರ್ಷವೂ ಅದೇ ಮಾತು ಹೇಳಿದೆವು. ಮೂರನೆಯ ವರ್ಷ ಅವನು ಕೇಳಲು ಬರಲಿಲ್ಲ.

ನಾವು ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದ ಮೇಲೆ ಒಂದು ದಿನ ಇದೇ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಚೀಲ ಹೊರುತ್ತಿದ್ದ ಯುವಕನೊಬ್ಬ "ನಮಸ್ಕಾರ ಮೇಷ್ಟ್ರೇ" ಎಂದ. ತಲೆಯೆತ್ತಿ ನೋಡಬೇಕಾಯಿತು. ಅವನೇ! ನಮಗಿಂತ ನಾಲ್ಕು ಬೆರಳು ಎತ್ತರ. "ಆಟ ಆಡ್ತಿದ್ದೀಯೇನಪ್ಪ?" ಎಂದೆವು. "ಎಲ್ಲಿ ಸಾ, ನೀವು ಬ್ಯಾಡ ಅಂದ್ರಲ್ಲ" ಎಂದು ನಕ್ಕ. ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನಾವು ಇಷ್ಟು ದಿನ ನೆನಪಿಟ್ಟುಕೊಳ್ಳುತ್ತಿರಲಿಲ್ಲವೇನೊ.

ಆರಿಸಿದ ದೊಡ್ಡ ಹುಡುಗನ ಕಥೆಯನ್ನೂ ಕೇಳಿ. ಅವನು ಚೆಂಡನ್ನು ಮುಂದಕ್ಕೆ ಒದ್ದು ಅದರ ಹಿಂದೆ ಓಡುತ್ತಿದ್ದ. ತಡೆಯಲು ಬಂದವರು ಅವನ ಭುಜಕ್ಕೆ ಸಿಕ್ಕಿ ಬೀಳುತ್ತಿದ್ದರು. ನಾವು ಚಪ್ಪಾಳೆ ತಟ್ಟಿದೆವು. ಚೆಂಡನ್ನು ತಿರುಗಿಸುವುದು, ತಲೆಯೆತ್ತಿ ಜೊತೆಗಾರನಿಗೆ ಕೊಡುವುದು ಅವನಿಗೆ ಬೇಕಾಗಲೇ ಇಲ್ಲ, ಆದ್ದರಿಂದ ಕಲಿಯಲೂ ಇಲ್ಲ. ಹದಿನಾರು ತುಂಬುವಷ್ಟರಲ್ಲಿ ಉಳಿದವರೂ ಅವನಷ್ಟೇ ಆದರು. ಅವನ ಆಟ ಅಲ್ಲಿಗೆ ಮುಗಿಯಿತು. ಗೆದ್ದ ಕಪ್ಪು ಶಾಲೆಯ ಬೀರುವಿನಲ್ಲಿ ಉಳಿಯಿತು, ಆಟಗಾರರು ಇಬ್ಬರೂ ಹೋದರು.

ಇದಕ್ಕೆ ಕಾರಣ ಮಕ್ಕಳ ಮೈಯಲ್ಲೇ ಇದೆ. ಗಂಡುಹುಡುಗರು ಸುಮಾರು 13, 14ನೆಯ ವಯಸ್ಸಿನಲ್ಲಿ ಒಮ್ಮೆಲೇ ನೆಗೆದು ಬೆಳೆಯುತ್ತಾರೆ. ಆ ಒಂದು ವರ್ಷದಲ್ಲಿ 8ರಿಂದ 10 ಸೆಂಟಿಮೀಟರು ಏರುವುದೂ ಉಂಟು. ಹೆಣ್ಣುಮಕ್ಕಳಿಗೆ ಇದು ಎರಡು ವರ್ಷ ಮೊದಲೇ ಬರುತ್ತದೆ. ಆದರೆ ಇದು ಸರಾಸರಿಯ ಮಾತು. ಒಬ್ಬನಿಗೆ ಹನ್ನೊಂದಕ್ಕೇ ಶುರುವಾಗಬಹುದು, ಒಬ್ಬನಿಗೆ ಹದಿನೈದಾದರೂ ಆಗದಿರಬಹುದು. ಒಂದೇ ಬೆಂಚಿನಲ್ಲಿ ಕುಳಿತ 13 ವರ್ಷದ ಇಬ್ಬರಲ್ಲಿ ಒಬ್ಬನ ಮೂಳೆ 11ರದು, ಇನ್ನೊಬ್ಬನದು 15ರದು ಆಗಿರುವುದು ಅಪರೂಪವಲ್ಲ. ತಡವಾಗಿ ಬೆಳೆಯುವವನು ಕೊನೆಗೂ ಗಿಡ್ಡನಾಗಿಯೇ ಉಳಿಯುತ್ತಾನೆಂದು ಹೇಳುವಂತಿಲ್ಲ. ಹೆಚ್ಚು ಕಾಲ ಬೆಳೆದು ಮೊದಲಿನವನನ್ನು ಹಿಂದಿಕ್ಕುವುದೂ ಉಂಟು.

ಇದರ ಮೇಲೆ ಹುಟ್ಟಿದ ತಾರೀಖಿನ ತಾಪತ್ರಯ ಬೇರೆ. ಗಡಿ ಜನವರಿ 1 ಎಂದಿಟ್ಟರೆ, ಆ ತಿಂಗಳಲ್ಲಿ ಹುಟ್ಟಿದವನಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನಿಗೂ ಹತ್ತಿರ ಹತ್ತಿರ ಒಂದು ವರ್ಷದ ಅಂತರ. ಕಾಗದದ ಮೇಲೆ ಮಾತ್ರ ಇಬ್ಬರೂ ಒಂದೇ ವಯಸ್ಸು. ಕೆನಡಾ ದೇಶದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿದ್ದಾರೆಂದು 1985ರಲ್ಲಿ ಅಲ್ಲಿನ ವಿದ್ವಾಂಸರು ಎಣಿಸಿ ತೋರಿಸಿದರು. ನಮ್ಮ ಕಡೆ ಎಣಿಸುವುದೂ ಕಷ್ಟ. ನಮ್ಮ ತಲೆಮಾರಿನವರ ಹುಟ್ಟಿದ ತಾರೀಖನ್ನು ಕೇಳಿದರೆ ಅರ್ಧ ಊರು ಜೂನ್ 1 ಎನ್ನುತ್ತದೆ. ಶಾಲೆಗೆ ಸೇರಿಸುವ ದಿನ ಮೇಷ್ಟರು ಬರೆದುಕೊಟ್ಟ ಜನ್ಮದಿನ ಅದು. ನಾವೂ ಜೂನ್ 1ರವರೇ! (ನಗು)

ತೋಟಗಾರ ಮಿತ್ರರೊಬ್ಬರು ಹಿಂದೆ ನಮ್ಮ ಮಾತಿಗೆ ಅಡ್ಡ ಹಾಕಿದ್ದರು. "ಸಸಿ ಆರಿಸುವಾಗ ನಾವು ಮಾಡುವುದೂ ಅದೇ ಅಲ್ಲವೆ? ಬೇಗ ಮೊಳೆತದ್ದನ್ನು, ಬುಡ ದಪ್ಪಗಿದ್ದುದನ್ನು, ಗರಿ ಹೆಚ್ಚಿದ್ದುದನ್ನು ಆರಿಸಿ ಉಳಿದದ್ದನ್ನು ಬಿಸಾಡುತ್ತೇವೆ" ಎಂದರು. ಮಾತು ಸರಿಯಾಗಿದೆ. ತೋಟಗಾರಿಕೆಯವರು ಹೇಳಿಕೊಡುವುದೂ ಹಾಗೆಯೇ. ಅಂದು ನಮಗೆ ಉತ್ತರ ಹೊಳೆಯಲಿಲ್ಲ. ಬಸ್ಸಿನಲ್ಲಿ ತುರುವೇಕೆರೆ ತಲಪುವ ಹೊತ್ತಿಗೆ ಹೊಳೆಯಿತು. ನರ್ಸರಿಯಲ್ಲಿ ಬೀಜದ ಕಾಯನ್ನೆಲ್ಲ ಒಂದೇ ದಿನ, ಒಂದೇ ಪಾತಿಯಲ್ಲಿ ಇಟ್ಟು, ಒಂದೇ ಕಾಲುವೆಯ ನೀರು ಹಾಯಿಸುತ್ತೀರಿ. ಆಗ ಹಿಂದೆ ಬಿದ್ದ ಸಸಿಯಲ್ಲೇ ದೋಷವಿದೆ ಎನ್ನಬಹುದು. ನಮ್ಮ ಮಕ್ಕಳನ್ನು ಒಂದೇ ಪಾತಿಯಲ್ಲಿ ಇಟ್ಟಿದ್ದೇವೆಯೆ? ಒಬ್ಬನಿಗೆ ಬೆಳಿಗ್ಗೆ ಲೋಟ ತುಂಬ ಹಾಲು, ಒಬ್ಬನಿಗೆ ಬೆಲ್ಲದ ಕಾಫಿ. ಒಬ್ಬನಿಗೆ ಪಂಪ್‌ಸೆಟ್ಟಿನ ನೀರು, ಇನ್ನೊಬ್ಬನಿಗೆ ಮಳೆ ಬಂದರೆ ಉಂಟು ಎಂಬಂತಹ ಬದುಕು.

ಇನ್ನೊಂದು ಸಂಗತಿಯೂ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಗಿಡ್ಡ ತಳಿಯ ತೆಂಗು ಮೂರು ನಾಲ್ಕು ವರ್ಷಕ್ಕೇ ಹೊಂಬಾಳೆ ಬಿಡುತ್ತದೆ. ನಮ್ಮ ತಿಪಟೂರು ಟಾಲ್ ಆರೇಳು ವರ್ಷ ಕಾಯಿಸುತ್ತದೆ. ಆಮೇಲೆ ಮಗನ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಕಾಯಿ ಕೊಡುತ್ತದೆ. ಅಟ್ಟಕ್ಕೆ ಹಾಕಿ ಉಂಡೆಕೊಬ್ಬರಿ ಮಾಡಲು ಬರುವುದೂ ಆ ಕಾಯಿಯೇ. ನಾಲ್ಕನೆಯ ವರ್ಷಕ್ಕೆ ಹೊಂಬಾಳೆ ಬರಲಿಲ್ಲವೆಂದು ಅದನ್ನು ಕಿತ್ತು ಬಿಸಾಡಿದ ರೈತನನ್ನು ನಾವು ಈ ಮೂರು ತಾಲ್ಲೂಕಿನಲ್ಲಿ ಕಂಡಿಲ್ಲ. ಹನ್ನೆರಡು ವರ್ಷದ ಹುಡುಗನ ವಿಷಯದಲ್ಲಿ ಮಾತ್ರ ನಮಗೆ ಅಷ್ಟು ಅವಸರ.

ಪಾತಿಯ ಮಾತು ಬಂದುದರಿಂದ ಊಟದ ಮಾತನ್ನೂ ಹೇಳಬೇಕು. ಕೇಂದ್ರ ಸರ್ಕಾರದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅರೆಹೊಟ್ಟೆಯಲ್ಲಿ ಬೆಳೆದ ಮಗುವಿಗೆ ಹರೆಯವೂ ತಡವಾಗಿ ಬರುತ್ತದೆಂಬುದು ವೈದ್ಯರೆಲ್ಲ ಒಪ್ಪಿದ ಮಾತು. ಹಾಗಾದರೆ ಎತ್ತರ ನೋಡಿ ತಂಡ ಕಟ್ಟುವವನು ಏನನ್ನು ಆರಿಸುತ್ತಿದ್ದಾನೆ? ಆಟವನ್ನಲ್ಲ, ಬಹುಮಟ್ಟಿಗೆ ಮನೆಯನ್ನು ಆರಿಸುತ್ತಿದ್ದಾನೆ. ತೋಟವಿದ್ದವನ ಮಗ ಒಳಗೆ, ಸುಲಿಯುವವನ ಮಗ ಹೊರಗೆ. ಯಾರೂ ಹಾಗೆಂದು ಬಾಯಿಬಿಟ್ಟು ಹೇಳುವುದಿಲ್ಲ, ಮನಸ್ಸಿನಲ್ಲಿಯೂ ನೆನೆಯುವುದಿಲ್ಲ. ನಾವೂ ನೆನೆದಿರಲಿಲ್ಲ. 2013ರಲ್ಲಿ ಶಾಲೆಗಳಿಗೆ ಹಾಲು ಬಂತು, 2024ರಲ್ಲಿ ವಾರದ 6 ದಿನವೂ ಮೊಟ್ಟೆ ಕೊಡುವ ಏರ್ಪಾಡಾಯಿತು. ಬಹಳ ಒಳ್ಳೆಯದು. ನಿಮ್ಮೂರಿನ ಶಾಲೆಯಲ್ಲಿ ಆ ಮೊಟ್ಟೆ ಮಗುವಿನ ತಟ್ಟೆಯವರೆಗೂ ಬರುತ್ತಿದೆಯೆ ಎಂದು ಹೋಗಿ ನೋಡುವುದು ಯುವಕ ಸಂಘದ ಕೆಲಸ.

ಕಬಡ್ಡಿಯಲ್ಲಿ ಈ ತೊಡಕನ್ನು ನಮ್ಮ ಹಿರಿಯರು ಎಂದೋ ಕಂಡಿದ್ದರು. ಅಲ್ಲಿ ವಯಸ್ಸಿನ ಜೊತೆಗೆ ತೂಕದ ಕಟ್ಟೂ ಇದೆ. ಸಬ್ ಜೂನಿಯರ್ ಎಂದರೆ 16 ವರ್ಷ, 55 ಕಿಲೊ. ಜೂನಿಯರ್ ಹುಡುಗರಿಗೆ 20 ವರ್ಷ, 70 ಕಿಲೊ. ಫುಟ್‌ಬಾಲಿನ ತವರಾದ ಇಂಗ್ಲೆಂಡಿನಲ್ಲಿ 2015ರಲ್ಲಿ ನಾಲ್ಕು ಕ್ಲಬ್ಬುಗಳ ಹುಡುಗರನ್ನು ಹುಟ್ಟಿದ ವರ್ಷ ಬಿಟ್ಟು, ಪೂರ್ಣ ಬೆಳೆದರೆ ಎಷ್ಟು ಎತ್ತರವಾಗಬಹುದೊ ಅದರಲ್ಲಿ ಎಷ್ಟು ಪಾಲು ಈಗ ಬೆಳೆದಿದ್ದಾರೆಂದು ಲೆಕ್ಕಹಾಕಿ, ಸಮಾನರನ್ನು ಸಮಾನರೊಡನೆ ಆಡಿಸಿ ನೋಡಿದರು. ಬೇಗ ಬೆಳೆದವನು ಮೊದಲ ಸಲ ಭುಜ ಬಿಟ್ಟು ಬುದ್ಧಿಯಿಂದ ಆಡಬೇಕಾಯಿತು. ತಡವಾದವನಿಗೆ ಮೊದಲ ಸಲ ಚೆಂಡು ಸಿಕ್ಕಿತು. ಬೆಲ್ಜಿಯಂ ದೇಶದವರು ತಡವಾಗಿ ಬೆಳೆಯುವ ಹುಡುಗರಿಗೆಂದೇ ಇನ್ನೊಂದು ರಾಷ್ಟ್ರೀಯ ತಂಡ ಇಟ್ಟುಕೊಂಡಿದ್ದಾರೆ. ತೂಗಿ ನೋಡಿ ಆಡಿಸಬೇಕೆಂಬ ಬುದ್ಧಿ ನಮ್ಮ ಕಬಡ್ಡಿಗೆ ಮೊದಲೇ ಬಂದಿತ್ತು ಎಂದು ನಾವು ಹೆಮ್ಮೆಪಡಬಹುದು.

ಆದರೆ ಆ ಹೆಮ್ಮೆ ಪೂರ್ತಿ ನಿಲ್ಲುವುದಿಲ್ಲ. 55 ಕಿಲೊ ಎಂಬುದು ಮೇಲಿನ ಕಟ್ಟು, ಕೆಳಗೆ ಕಟ್ಟಿಲ್ಲ. ತರಬೇತಿದಾರ ಏನು ಮಾಡುತ್ತಾನೆ? 54 ಕಿಲೊ ಇರುವ ಏಳು ಹುಡುಗರನ್ನು ಹುಡುಕುತ್ತಾನೆ. 57 ಇದ್ದವನನ್ನು ಹಿಂದಿನ ರಾತ್ರಿ ಉಪವಾಸ ಕೆಡವಿ, ನೀರೂ ಕೊಡದೆ, ಬೆಳಗಿನ ಜಾವ ಓಡಿಸಿ ತಕ್ಕಡಿ ಹತ್ತಿಸುತ್ತಾನೆ. ಬೆಳೆಯುವ ಮಗುವನ್ನು ಹಸಿವಿನಿಂದ ಒಣಗಿಸುವುದು ಯಾವ ಆಟ? 38 ಕಿಲೊದ ಹುಡುಗನೋ, ಅವನು ಎಂದಿನಂತೆ ಗೆರೆಯಾಚೆ ಕುಳಿತು ಉಳಿದವರ ಅಂಗಿ ಕಾಯುತ್ತಾನೆ. ತಂಡ ಕಟ್ಟುವವನ ಕಣ್ಣು ಕಪ್ಪಿನ ಮೇಲೆ ಇರುವವರೆಗೆ ಯಾವ ನಿಯಮವಾದರೂ ಹೀಗೆ ಬಗ್ಗುತ್ತದೆ.

ಎತ್ತರವೇ ಬೇಡವೆಂದು ನಾವು ಹೇಳುತ್ತಿಲ್ಲ. 2017ರಲ್ಲಿ ನಮ್ಮ ದೇಶದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಕೊಲಂಬಿಯಾದ ಮೇಲೆ ಭಾರತದ ಏಕೈಕ ಗೋಲು ಬಂದದ್ದು ಮಣಿಪುರದ ಎತ್ತರದ ಹುಡುಗ ಜೀಕ್ಸನ್ ಸಿಂಗನ ತಲೆಯಿಂದ. ಆದರೆ ಮೂಲೆಯಿಂದ ಆ ಚೆಂಡನ್ನು ಅವನ ತಲೆಗೆ ಕಳಿಸಿದ್ದು ಬೆಂಗಳೂರಿನ ಸಂಜೀವ್ ಸ್ಟಾಲಿನನ ಕಾಲು. 2013ರಿಂದ ಬೆಂಗಳೂರು ತಂಡದಲ್ಲಿ ಬೇರೂರಿದ ಸುನಿಲ್ ಛೆಟ್ರಿಯವರ ಎತ್ತರ 170 ಸೆಂಟಿಮೀಟರು, ದೇಶಕ್ಕಾಗಿ ಹೊಡೆದ ಗೋಲು 90ಕ್ಕೂ ಮೇಲೆ. ಮೆಸ್ಸಿಯ ಹೆಸರು ನಿಮ್ಮ ಮಕ್ಕಳ ಅಂಗಿಯ ಬೆನ್ನ ಮೇಲೆಯೇ ಇದೆ. ಬೆಳವಣಿಗೆಯ ಕೊರತೆಗೆ ಔಷಧಿ ತೆಗೆದುಕೊಳ್ಳುತ್ತಿದ್ದ ಹುಡುಗ ಅವನು. ಬಾರ್ಸೆಲೋನಾದವರು ಅವನ ಎತ್ತರ ನೋಡದೆ ಕಾಲು ನೋಡಿದರು.

ಹೆಣ್ಣುಮಕ್ಕಳ ವಿಷಯ ಇನ್ನೂ ವಿಚಿತ್ರ. ಹನ್ನೆರಡನೆಯ ವಯಸ್ಸಿಗೆ ಅವರು ಗಂಡುಹುಡುಗರಿಗಿಂತ ಎತ್ತರ, ಖೋಖೋ ಅಂಗಳದಲ್ಲಿ ಅವರನ್ನು ಹಿಡಿಯುವವರಿಲ್ಲ. ಮೈ ಅಷ್ಟು ಅನುಕೂಲವಾಗಿರುವ ಹೊತ್ತಿಗೇ ಮನೆಯವರು ಇನ್ನು ಆಟ ಸಾಕು ಎನ್ನುತ್ತಾರೆ. ಮುಂದೆ ಕುಳಿತಿರುವ ತಾಯಂದಿರು ಇದನ್ನು ಯೋಚಿಸಬೇಕು.

ಹಾಗಾದರೆ ಮಾಡುವುದೇನು ಎಂದು ಕೇಳುತ್ತೀರಿ. ಹದಿನಾಲ್ಕರವರೆಗೆ ಆರಿಸುವುದನ್ನೇ ಕಡಮೆ ಮಾಡಿ. ಬಂದವರನ್ನೆಲ್ಲ ಇಟ್ಟುಕೊಳ್ಳಿ. ಗಣೇಶನ ಪಂದ್ಯಕ್ಕೆ ಒಂದು ಊರಿನಿಂದ ಎರಡು ತಂಡ ಬರಲಿ, ಎರಡನೆಯದು ಸಣ್ಣ ಮೈಯವರದು. ಅದಕ್ಕೂ ಅಷ್ಟೇ ಹೊತ್ತು, ಅಷ್ಟೇ ಬಹುಮಾನ. ಫುಟ್‌ಬಾಲಿನ ಗೋಲು 24 ಅಡಿ ಅಗಲ, 8 ಅಡಿ ಎತ್ತರ. ನಾಲ್ಕೂವರೆ ಅಡಿಯ ಹುಡುಗನನ್ನು ಅದರಡಿ ನಿಲ್ಲಿಸಿ, ತಲೆಯ ಮೇಲೆ ಹೋದ ಚೆಂಡಿಗೆ ಅವನನ್ನು ಬೈಯುವುದು ಯಾವ ನ್ಯಾಯ? ಎರಡು ಗಳ ನೆಟ್ಟು ಗೋಲನ್ನು ಚಿಕ್ಕದು ಮಾಡಿ, ಅಂಗಳವನ್ನು ಅರ್ಧ ಮಾಡಿ, ಚೆಂಡೂ ನಾಲ್ಕನೆಯ ಅಳತೆಯದಿರಲಿ. ಕಡೆಯದಾಗಿ, ಮೂರು ತಿಂಗಳಿಗೊಮ್ಮೆ ಮಕ್ಕಳನ್ನು ಗೋಡೆಗೆ ಒರಗಿಸಿ ಗೆರೆ ಎಳೆದು ತಾರೀಖು ಬರೆಯಿರಿ. ಯಾರ ಗೆರೆ ಒಮ್ಮೆಲೇ ಮೇಲೇರಿತೊ ಆ ಹುಡುಗ ಕೆಲವು ತಿಂಗಳು ಎಡವುತ್ತಾನೆ, ಮೊಣಕಾಲು ನೋವು ಎನ್ನುತ್ತಾನೆ. ಅದು ಸೋಮಾರಿತನವಲ್ಲ, ಮೈ ಬೆಳೆದ ವೇಗಕ್ಕೆ ಕಾಲು ಹೊಂದಿಕೊಳ್ಳುತ್ತಿರುವ ಕಾಲ. ಆಗ ಅವನ ಓಟವನ್ನು ತುಸು ತಗ್ಗಿಸಿ. ಯಾರ ಗೆರೆ ಇನ್ನೂ ಏರಿಲ್ಲವೊ ಅವನಿಗೆ "ಮುಂದಿನ ವರ್ಷ ನೋಡೋಣ" ಎನ್ನಬೇಡಿ. ಈ ಸಂಜೆಯೇ ಚೆಂಡು ಕೊಡಿ.

ಚಿಕ್ಕನಾಯಕನಹಳ್ಳಿಯಿಂದ ಬಂದಿರುವ ವ್ಯಾಯಾಮ ಮೇಷ್ಟರೊಬ್ಬರು ಆಗಿನಿಂದ ಕೈಯೆತ್ತಿದ್ದಾರೆ. ಪಂದ್ಯ ಸೋತು ಬಂದರೆ ಮೇಲಿನವರಿಗೆ ಉತ್ತರ ಹೇಳಬೇಕಾದವರು ಅವರು. ನಮ್ಮ ಮಾತಿನಲ್ಲಿ ಅವರಿಗೆ ಒಪ್ಪಿಗೆಯಾಗದ್ದು ಇದ್ದೇ ಇರುತ್ತದೆ. ಅವರು ವೇದಿಕೆಗೆ ಬರಲಿ, ನಾವು ಕೆಳಗೆ ಕುಳಿತು ಕೇಳುತ್ತೇವೆ.