ಮ. ರಾಮಮೂರ್ತಿ: ಪತ್ತೇದಾರಿ ಕಾದಂಬರಿಯಿಂದ ಕನ್ನಡದ ಬಾವುಟದವರೆಗೆ



ಈ ಸಂಜೆ ಮಧುಗಿರಿಯಲ್ಲಿ ಒಬ್ಬ ಪತ್ತೇದಾರಿ ಕಾದಂಬರಿಕಾರರ ಜೀವಿತವನ್ನು ನಿರೂಪಿಸಲು ತಮ್ಮೆದುರು ನಿಂತಿದ್ದೇನೆ. ಕೊಲೆ, ಕಳವು, ಮಾರುವೇಷ, ಸಾಹಸಗಳ ಕಥೆಗಳನ್ನು ಹೆಣೆದವರಿಗೆ ಇಂಥ ಸಾಹಿತ್ಯಸಭೆಯಲ್ಲಿ ಏನು ಸ್ಥಾನವೆಂದು ಕೇಳುವವರು ಇರಬಹುದು. ಅವರಿಗೆ ನಾನು ಬಿನ್ನವಿಸುವುದಿಷ್ಟೆ: ಇಂದು ನಾಡಿನ ಊರೂರುಗಳಲ್ಲಿ, ರಾಜ್ಯೋತ್ಸವದ ಕಂಬಗಳಲ್ಲಿಯೂ ಆಟೋ ನಿಲ್ದಾಣಗಳಲ್ಲಿಯೂ ಹಾರಾಡುವ ಅರಿಶಿನ ಕುಂಕುಮ ವರ್ಣದ ಬಾವುಟವನ್ನು ರೂಪಿಸಿದ ಕೈಯೇ ಆ ಕಥೆಗಳನ್ನೂ ಬರೆಯಿತು.

ಮ. ರಾಮಮೂರ್ತಿಯವರು 1918ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ತಂದೆ ವೀರಕೇಸರಿ ಸೀತಾರಾಮ ಶಾಸ್ತ್ರಿಗಳು. ಪತ್ರಿಕಾಕರ್ತರು, ಕಾದಂಬರಿಕಾರರು, ಸ್ವಾತಂತ್ರ್ಯದ ಹಂಬಲವನ್ನು ಅಕ್ಷರಕ್ಕಿಳಿಸಿದ ನಿರ್ಭೀತ ಲೇಖಕರು. ಅಚ್ಚಿನ ಮಸಿಯ ವಾಸನೆಯಲ್ಲಿ ಬೆಳೆದ ಮಗನಿಗೆ ಬರವಣಿಗೆ ಪಿತ್ರಾರ್ಜಿತವಾಗಿಯೇ ಬಂದಿತು. ಆದರೆ ಆತ ಆಯ್ದುಕೊಂಡ ಪ್ರಕಾರ ಪಂಡಿತರ ಮನ್ನಣೆಗೆ ದೂರವಾದುದು. ನೂರನ್ನು ಮೀರಿದ ಪತ್ತೇದಾರಿ ಕಾದಂಬರಿಗಳನ್ನು ಬರೆದರು.

ಆ ಕಾಲದ ವಾಚಕಲೋಕವನ್ನು ತಾವು ಮನಸ್ಸಿಗೆ ತಂದುಕೊಳ್ಳಬೇಕು. ನಾಲ್ಕನೆಯ ತರಗತಿಗಿಂತ ಮುಂದೆ ಓದದ ಎನ್. ನರಸಿಂಹಯ್ಯನವರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ವನ್ನು ಹೊರತಂದು, ಮುಂದೆ ಐನೂರಕ್ಕೂ ಮಿಕ್ಕಿದ ಕಾದಂಬರಿಗಳನ್ನು ರಚಿಸಿದರು. ಇಂಥ ಪುಸ್ತಕಗಳನ್ನು ಕೊಂಡವರು, ಬಾಡಿಗೆಗೆ ಒಯ್ದವರು, ಕೈಯಿಂದ ಕೈಗೆ ದಾಟಿಸಿದವರು ಬಹುಮಟ್ಟಿಗೆ ಗಿರಣಿಯ ಕಾರ್ಮಿಕರು, ಹೋಟೆಲಿನ ಮಾಣಿಗಳು, ಅಂಗಡಿಯ ಹುಡುಗರು, ಮಧ್ಯಾಹ್ನದ ಬಿಡುವಿನಲ್ಲಿ ಗೃಹಿಣಿಯರು. ಕಾವ್ಯವಾಗಲಿ ವಿಮರ್ಶೆಯಾಗಲಿ ಮುಟ್ಟದ ಆ ಜನಸಮುದಾಯಕ್ಕೆ, ಮುಂದಿನ ಪುಟದಲ್ಲಿ ಏನಾಗುವುದೋ ಎಂಬ ಕುತೂಹಲವೊಂದನ್ನೇ ಬಂಡವಾಳವಾಗಿಟ್ಟುಕೊಂಡು, ಕನ್ನಡದಲ್ಲಿ ನಿರರ್ಗಳವಾಗಿ ಓದುವ ಅಭ್ಯಾಸವನ್ನು ಈ ಲೇಖಕರು ಮಾಡಿಸಿದರೆಂಬುದನ್ನು ನಮ್ಮ ಸಾಹಿತ್ಯಚರಿತ್ರೆಗಳು ಸಾಕಷ್ಟು ಗೌರವದಿಂದ ಬರೆದಿಲ್ಲವೆಂಬುದು ನನ್ನ ದುಃಖ.

ಓದಿನ ಈ ಅಭ್ಯಾಸದ ಬೆಲೆಯನ್ನು ಗಡಿಯವರಾದ ತಾವು ಬಲ್ಲಿರಿ. ಪಾವಗಡ ತಾಲ್ಲೂಕು ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟಿದೆ. ಮಧುಗಿರಿಯ ಅಂಚಿನ ಹಳ್ಳಿಗಳಲ್ಲಿಯೂ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ತೆಲುಗಿನ ಮೇಲೆ ನಮಗೆ ಪ್ರೀತಿಯೇ ಉಂಟು. ಆದರೆ ಇಂಥ ಎಡೆಯಲ್ಲಿ ಬಾಲಕನೊಬ್ಬ ಪಾಠದ ಪುಸ್ತಕದಾಚೆಗೆ, ಯಾರ ಒತ್ತಾಯವೂ ಇಲ್ಲದೆ, ಕೇವಲ ಆನಂದಕ್ಕಾಗಿ ಕನ್ನಡವನ್ನು ಕೈಗೆತ್ತಿಕೊಳ್ಳಬೇಕಾದರೆ, ಅವನನ್ನು ಸೆಳೆಯುವ ಕಥೆ ಕನ್ನಡದಲ್ಲಿರಬೇಕು.

ರಾಮಮೂರ್ತಿಯವರ ಕನ್ನಡ ಹೋರಾಟವೂ ಇದೇ ಚಿಂತೆಯಿಂದ ಬೆಳೆದದ್ದೆಂದು ನಾನು ತಿಳಿದಿದ್ದೇನೆ. 1960ರ ದಶಕದ ಆದಿಯಲ್ಲಿ ರಾಜಧಾನಿಯಾದ ಬೆಂಗಳೂರಿನಲ್ಲಿಯೇ ಕನ್ನಡ ಚಿತ್ರಗಳಿಗೆ ಚಿತ್ರಮಂದಿರ ದೊರೆಯುವುದು ದುಸ್ತರವಾಗಿದ್ದಾಗ, ಕಾದಂಬರಿಕಾರ ಅ.ನ.ಕೃ. ಮೊದಲಾದವರೊಡನೆ ಅವರು ಬೀದಿಗಿಳಿದರು. ಕನ್ನಡ ಪಕ್ಷವನ್ನು ಕಟ್ಟಿದರು. ಆ ಚಳವಳಿಗೊಂದು ಬಾವುಟ ಬೇಕೆಂದು ಹಳದಿ ಕೆಂಪುಗಳನ್ನು ಕೂಡಿಸಿದರು. ಜನಸಾಮಾನ್ಯನ ಕಣ್ಣನ್ನು ಒಂದೇ ನೋಟದಲ್ಲಿ ಹಿಡಿದು ನಿಲ್ಲಿಸುವುದು ಹೇಗೆಂಬುದು ಕಥೆಗಾರನಿಗೆ ತಿಳಿದಿತ್ತು. ಯಾವ ಮನೆಯ ಹೊಸ್ತಿಲಲ್ಲಿಯೂ ಕಾಣುವ ಎರಡು ಬಣ್ಣಗಳನ್ನು ಬಿಟ್ಟು ಬೇರೆಯದನ್ನು ಅವರು ಅರಸಲಿಲ್ಲ.

ಮುಂದಿನದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. 1967ರ ಡಿಸೆಂಬರ್ 25ರಂದು, ಕನಕಪುರ ರಸ್ತೆಯ ಕಡೆಯ ತಮ್ಮ ಜಮೀನಿನಲ್ಲಿ ಬಾವಿ ತೋಡುತ್ತಿದ್ದಾಗ ಮಣ್ಣು ಕುಸಿದು, ತಮ್ಮ ಇಬ್ಬರು ಪುತ್ರರೊಡನೆ ರಾಮಮೂರ್ತಿಯವರು ಅಸುನೀಗಿದರು. ಮಳೆಯನ್ನು ನಂಬಲಾಗದ ಈ ಸೀಮೆಯಲ್ಲಿ ಬಾವಿ ತೋಡುವುದರ ಆಸೆಯನ್ನೂ ಅಪಾಯವನ್ನೂ ಕಂಡುಂಡ ತಮಗೆ ಆ ದಿನದ ಘೋರವನ್ನು ನಾನು ವಿವರಿಸಬೇಕಾದುದಿಲ್ಲ. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಬೆಂಗಳೂರಿನ ರಾಮಮೂರ್ತಿನಗರ ಅವರ ಹೆಸರನ್ನು ಹೊತ್ತಿದೆ; ಆದರೆ ಅಲ್ಲಿ ವಾಸಿಸುವವರಲ್ಲಿ ಅವರ ಒಂದು ಕಾದಂಬರಿಯನ್ನಾದರೂ ಓದಿದವರು ವಿರಳ.

ಈ ಪತ್ತೇದಾರಿ ಕಥೆಗಳ ಪರಂಪರೆ ನಮ್ಮ ಸೀಮೆಗೆ ಪರಕೀಯವೇನಲ್ಲ. ಪತ್ತೇದಾರಿ ಕಾದಂಬರಿಗಳಿಂದ ಹೆಸರಾದ ಟಿ.ಕೆ. ರಾಮರಾಯರ ಲೇಖನಿಯಿಂದಲೇ ‘ಬಂಗಾರದ ಮನುಷ್ಯ’ ಕಾದಂಬರಿಯೂ ಹುಟ್ಟಿತು; 1972ರಲ್ಲಿ ಅದನ್ನು ಚಲನಚಿತ್ರವಾಗಿಸಿದ ನಿರ್ದೇಶಕ ಸಿದ್ದಲಿಂಗಯ್ಯನವರು ಶಿರಾ ತಾಲ್ಲೂಕಿನ ತರೂರಿನವರು.

ಆ ಪತ್ತೇದಾರಿ ಪುಸ್ತಕಗಳು ಅಚ್ಚಾದ ಕಾಗದ ಅಗ್ಗದ್ದು. ಈಗಾಗಲೇ ಹಳದಿಗಟ್ಟಿ ಪುಡಿಯಾಗುತ್ತಿದೆ. ಪ್ರೌಢ ಗ್ರಂಥಗಳನ್ನು ರಕ್ಷಿಸಲು ವಿಶ್ವವಿದ್ಯಾಲಯಗಳಿವೆ, ಇವುಗಳಿಗೆ ಯಾರೂ ಇಲ್ಲ. ಆದುದರಿಂದ ತಮ್ಮ ಮನೆಗಳ ಅಟ್ಟದಲ್ಲಿಯೋ ಹಳೆಯ ಟ್ರಂಕಿನಲ್ಲಿಯೋ ರಾಮಮೂರ್ತಿಯವರದಾಗಲಿ ನರಸಿಂಹಯ್ಯನವರದಾಗಲಿ ಒಂದು ಪ್ರತಿ, ರಟ್ಟು ಕಳಚಿದ್ದರೂ ಸರಿಯೇ, ಸಿಕ್ಕಿದಲ್ಲಿ ಅದನ್ನು ತೂಕಕ್ಕೆ ಹಾಕದೆ ಈ ಸಭೆಯನ್ನು ನಡೆಸುತ್ತಿರುವ ಸಂಘದ ಪುಸ್ತಕ ಭಂಡಾರಕ್ಕೆ ತಂದೊಪ್ಪಿಸಬೇಕೆಂದು ಕೈಮುಗಿದು ಬೇಡುತ್ತೇನೆ.